ಆಯುಧಪೂಜೆಗೆ ತೊಳೆದ ಕಡಲು

ಮೀನೇ ಇಲ್ಲದ ಮೀನಿನ ತೊಟ್ಟಿಯೊಂದನ್ನು ಮಳೆಗಾಲದ ಕೊನೆಯಿಂದ ದೀಪಾವಳಿ ಕಳೆಯುವ ತನಕ ಸಾಕಿದವಳು ನಾನು. ಮನೆಗೆ ಬಂದವರು ಗಾಜಿಗೆ ಮುಖ ಹಚ್ಚಿ ಹುಡುಕುತ್ತಿದ್ದರು. ಬಿಳಿ ಮರಳು, ಬಿಳಿ ಕಲ್ಲು, ಅಲ್ಲಾಡುವ ನೀರು. "ಎಲ್ಲಿ, ಏನೂ ಕಾಣ್ಸಲ್ವಲ್ಲ?" ಎನ್ನುತ್ತಿದ್ದರು. "ಇನ್ನೂ ಬಂದಿಲ್ಲ" ಎನ್ನುತ್ತಿದ್ದೆ. ಬರುವವರು ಯಾರು, ಯಾಕೆ ತಡ ಎಂದು ವಿವರಿಸಲು ಹೋದರೆ ಕಾಫಿ ಆರುತ್ತಿತ್ತು.

ತೊಟ್ಟಿ ನನ್ನ ನಾದಿನಿಯದು. ಅವಳಿಗೆ ಮಂಗಳೂರಿನಲ್ಲಿ ಬ್ಯಾಂಕಿನ ಕೆಲಸ. ಮದುವೆ ಬೇಡವೆಂದು ಒಬ್ಬಳೇ ಇದ್ದವಳು ಬಾಡಿಗೆ ಮನೆಯಲ್ಲಿ ಬಹಳ ವರ್ಷಗಳಿಂದ ಒಂದು ಜೋಡಿ ಕಡಲ ಮೀನು ಸಾಕಿಕೊಂಡಿದ್ದಳು. ಕ್ಲೌನ್ ಮೀನು ಎನ್ನುತ್ತಾರೆ. ಕಿತ್ತಳೆ ಮೈ, ಬಿಳಿ ಪಟ್ಟೆ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಆ ಬೇಸಿಗೆಯಲ್ಲಿ ಅವಳ ಹಳೆಯ ತೊಟ್ಟಿಯ ಅಂಟು ಬಿಟ್ಟುಹೋಯಿತು. ಸಂಜೆ ಬಾಗಿಲು ತೆಗೆದರೆ ನೀರೆಲ್ಲ ನೆಲದ ಮೇಲೆ. ತಳದಲ್ಲಿ ಉಳಿದ ನಾಲ್ಕು ಬೆರಳು ನೀರಿನಲ್ಲಿ ಎರಡೂ ಮೀನು ಅಡ್ಡ ಮಲಗಿದ್ದವಂತೆ. ಬಕೆಟ್ಟಿನಲ್ಲಿ ಹೊತ್ತುಕೊಂಡು ಪರಿಚಯದ ಮೀನಿನ ಅಂಗಡಿಗೆ ಓಡಿದಳು. ಅಂಗಡಿಯವರು ತಮ್ಮ ತೊಟ್ಟಿಯೊಂದರಲ್ಲಿ ಜಾಗ ಕೊಟ್ಟರು. ಹೊಸ ತೊಟ್ಟಿ ಕೊಂಡು ಇನ್ನೂ ಡಬ್ಬಿ ಬಿಚ್ಚಿರಲಿಲ್ಲ, ಅವಳಿಗೆ ಉತ್ತರದ ಕಡೆಗೆ ವರ್ಗವಾಯಿತು, ದೀಪಾವಳಿಯ ಹೊತ್ತಿಗೆ ಹೋಗಿ ಸೇರಬೇಕು.

ಡಬ್ಬಿ ಬಿಚ್ಚದ ತೊಟ್ಟಿಯನ್ನು ಕಾರಿನಲ್ಲಿ ಹೇರಿಕೊಂಡು ಸಂಪಾಜೆ ಘಾಟಿ ಹತ್ತಿ ಅವಳು ಶನಿವಾರಸಂತೆ ಹತ್ತಿರದ ನಮ್ಮ ಮನೆಗೆ, ಅಂದರೆ ತನ್ನ ತವರಿಗೆ ಬಂದಳು. ಕೈಕಾಲು ತೊಳೆಯುವ ಮುಂಚೆಯೇ ಅಡುಗೆಮನೆಗೆ ಬಂದು ನಿಂತಳು.

"ಅತ್ಗೆ, ಅಂಗಡಿಯವ್ರು ದೀಪಾವಳಿವರ್ಗೂ ಇಟ್ಕೋತಾರೆ. ಆಮೇಲೆ ಅವ್ರ ಅಂಗಡಿ ಬೇರೆ ಕಡೆ ಹೋಗುತ್ತೆ, ತೊಟ್ಟಿಗಳ್ನೆಲ್ಲ ಕಳಚ್ತಾರೆ. ನೀವು ಆಗಲ್ಲ ಅಂದ್ರೆ ಮಾರಿಬಿಡ್ತಾರೆ. ದೊಡ್ಡದನ್ನ ಒಬ್ರು ಒಯ್ತಾರೆ, ಚಿಕ್ಕದನ್ನ ಇನ್ನೊಬ್ರು."

"ಮೀನಿನ ವಿಷಯ ನಂಗೇನು ಗೊತ್ತೇ?"

"ಗೊತ್ತಿಲ್ದೆ ಇರೋದೇ ಒಳ್ಳೇದು. ಗೊತ್ತಿರೋರು ಅವಸರ ಮಾಡ್ತಾರೆ."

ಅತ್ತೆ ಹೊರಗಿನಿಂದಲೇ ಕೇಳಿಸಿಕೊಂಡಿದ್ದರು. "ಲಿಂಗ ಕಟ್ಟಿದ ಮನೇಲಿ ಮೀನಾ?"

"ತಿನ್ನಕ್ಕಲ್ಲ ಕಣವ್ವ, ನೋಡಕ್ಕೆ."

"ನೋಡಕ್ಕೆ ಸಂತೇಲಿ ಬುಟ್ಟಿಗಟ್ಲೆ ಇರ್ತಾವೆ. ಹೋಗಿ ನೋಡ್ಕೊಂಡು ಬಾ."

ನಾದಿನಿ ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ತಲೆಯ ಹಿಂದೆ ಒಂದು, ನಡುವಿಗೆ ಒಂದು, ಬಾಲದ ಬುಡಕ್ಕೆ ಒಂದು ಬಿಳಿ ಪಟ್ಟೆ. "ಇದೇನೇ ಇದು, ಮೂರೆಳೆ ವಿಭೂತಿ ಹಚ್ಕೊಂಡವೆ!" ಎಂದರು. ಆಮೇಲೆ ಅವರ ಕಡೆಯಿಂದ ತಕರಾರು ಬರಲಿಲ್ಲ. ಕೆಲವು ಕೆಲಸಗಳನ್ನು ದೇವರು ಹೀಗೆ ಸುಲಭ ಮಾಡಿಕೊಡುತ್ತಾನೆ.

ನಾದಿನಿ ಒಂದು ವಾರ ನಿಂತು ಕೆಲಸ ಕಲಿಸಿದಳು. ಉಪ್ಪು ನೀರು ತುಂಬಿದ ಮಾತ್ರಕ್ಕೆ ಅದು ಕಡಲಾಗುವುದಿಲ್ಲ ಎನ್ನುವುದು ಮೊದಲ ಪಾಠ. ಮೀನು ತಿಂದು ಬಿಟ್ಟದ್ದು, ಉಸಿರಿನಲ್ಲಿ ಹೊರಹಾಕಿದ್ದು ಎಲ್ಲ ಅಮೋನಿಯಾ ಆಗುತ್ತದೆ. ಅದು ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಜೀವಾಣು ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ತಿಂದು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ, ಆಗಾಗ ನೀರು ಬದಲಿಸಿದರೆ ಸಾಕು. ಈ ಎರಡು ಬಗೆಯ ಜೀವಾಣು ಕಲ್ಲಿನ ತೂತುಗಳಲ್ಲೂ ಫಿಲ್ಟರಿನ ಸ್ಪಂಜಿನಲ್ಲೂ ಮನೆ ಮಾಡಿಕೊಂಡು, ಸಂಸಾರ ಬೆಳೆಸಿಕೊಳ್ಳುವ ತನಕ ಮೀನು ಬಿಡುವ ಹಾಗಿಲ್ಲ. ಹೆಪ್ಪು ಹಾಕದೆ ಹಾಲು ತಾನಾಗಿ ಮೊಸರಾಗಲಿ ಎಂದು ಕಾದ ಹಾಗೆ ಎಂದುಕೊಂಡೆ.

ನೀರಿನದೇ ಒಂದು ಕಥೆ. ಮಳೆ ನಿಂತ ಮೇಲೆ ಪಂಚಾಯಿತಿಯವರು ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ಹೋಗುತ್ತಾರೆ, ಆದ್ದರಿಂದ ಬಾವಿ ನೀರು ಬೇಡ. ಊರಿನ ಶುದ್ಧ ನೀರಿನ ಘಟಕದಿಂದ ನಮ್ಮ ಮನೆಯವರು ಜೀಪಿನಲ್ಲಿ ಕ್ಯಾನುಗಳನ್ನು ಹೊತ್ತು ತಂದರು. ಹೊಸ ನೀಲಿ ಡ್ರಮ್ಮಿನಲ್ಲಿ ಆ ನೀರಿಗೆ ಉಪ್ಪು ಕಲಸಿದೆವು. ಅಡುಗೆಯ ಉಪ್ಪಲ್ಲ, ಕಡಲ ನೀರಿನಲ್ಲಿರುವುದನ್ನೆಲ್ಲ ಹದವಾಗಿ ಸೇರಿಸಿ ಮಾಡಿದ ಬೇರೆ ಉಪ್ಪು. ಒಂದು ಪುಟ್ಟ ದುರ್ಬೀನಿನಂಥ ಕೊಳವೆಯ ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ನೀಲಿಯೂ ಬಿಳಿಯೂ ಕೂಡುವ ಗೆರೆ ಮೂವತ್ತೈದರ ಮೇಲೆ ನಿಂತರೆ ಸರಿ.

"ಕಡಲಿಗೆ ಉಪ್ಪು ಹಾಕೋ ಸೊಸೇನ ಇವತ್ತು ನೋಡ್ದೆ" ಎಂದರು ಅತ್ತೆ, ಜಗುಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಾ.

ನಮ್ಮ ಕಡೆಯ ಚಳಿಗೆ ನೀರು ಬೆಚ್ಚಗಿಡುವ ಹೀಟರು, ನೀರನ್ನು ಅಲ್ಲಾಡಿಸುವ ಮೋಟಾರು, ಪಕ್ಕಕ್ಕೆ ನೇತುಹಾಕಿದ ಫಿಲ್ಟರು. ಫಿಲ್ಟರಿನೊಳಗೆ ಸ್ಪಂಜು, ಅದರ ಹಿಂದೆ ಒಂದು ಜಾಲರಿ ಚೀಲದಲ್ಲಿ ಪಿಂಗಾಣಿಯ ಸಣ್ಣ ಬಳೆಗಳು. ಎಲ್ಲಕ್ಕೂ ಇನ್ವರ್ಟರಿನ ತಂತಿ. ನೀರು ಆರಿ ಕಡಿಮೆಯಾದರೆ ಸಿಹಿನೀರು ಮಾತ್ರ ಸೇರಿಸಿ, ಉಪ್ಪು ನೀರಲ್ಲ ಎಂದು ನಾದಿನಿ ಹೇಳಿದಳು; ಅದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಾರು ಬತ್ತಿದರೆ ಉಪ್ಪಾಗುತ್ತದೆ, ಅದಕ್ಕೆ ಮತ್ತೆ ಉಪ್ಪು ಹಾಕುವವರುಂಟೇ?

ಅವಳು ಮಂಗಳೂರಿಗೆ ವಾಪಸು ಹೋದ ಮೇಲೆ ಫೋನಿನಲ್ಲಿ ಮುಂದಿನ ಹೆಜ್ಜೆ ಹೇಳಿದಳು. "ಜೀವಾಣುಗೆ ಊಟ ಬೇಕಲ್ಲ ಅತ್ಗೆ. ಒಂದು ಹಸಿ ಸಿಗಡಿ ತಂದು ನೀರಿಗೆ ಹಾಕಿ, ಕೊಳೀಲಿ ಬಿಡಿ."

ನಾನು ಅತ್ತೆಯ ಮುಖ ನೋಡಿದೆ. ಅವರಿಗೂ ಕೇಳಿಸಿತ್ತು. ಫೋನಿನ ಹತ್ತಿರ ಬಾಗಿ, "ಏನಂದೆ? ಇನ್ನೊಂದ್ಸಲ ಹೇಳು!" ಎಂದರು.

"ಏನಿಲ್ಲ ಬಿಡವ್ವ. ಬೇರೆ ದಾರೀನೂ ಐತೆ. ಅಮೋನಿಯಂ ಕ್ಲೋರೈಡ್ ಅಂತ ಪುಡಿ ಸಿಗುತ್ತೆ."

ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆ ಎತ್ತದೆ, "ಅದು ನವಸಾಗರ ಅಲ್ವಾ? ಪಾತ್ರೆಗೆ ಕಲಾಯಿ ಹಾಕೋರು ಉಜ್ತಾರಲ್ಲ, ಹೊಗೆ ಬರುತ್ತೆ ನೋಡು" ಎಂದರು.

ಅದೇ ಪದಾರ್ಥವಂತೆ. ಆದರೆ ಕಲಾಯಿಯವರ ಕೈಯಲ್ಲಿರುವುದಕ್ಕೆ ತಾಮ್ರ, ಸೀಸ ತಾಗಿರುತ್ತದೆ, ಅದು ಕಡಲ ಜೀವಗಳಿಗೆ ಆಗದು ಎಂದು ನಾದಿನಿ ಶುದ್ಧವಾದದ್ದನ್ನು ಒಂದು ಸೀಸೆಯಲ್ಲಿ ಬಸ್ಸಿಗೆ ಹಾಕಿ ಕಳಿಸಿದಳು. ಅದನ್ನೇ ಆಗಾಗ ಒಂದು ಚಿಟಿಕೆ ತೊಟ್ಟಿಗೆ ಕರಗಿಸಿ ಹಾಕಿದೆ, ನಮ್ಮ ಮನೆಯ ಮಡಿ ಉಳಿಯಿತು. ಯಾರದೋ ಅಡುಗೆಮನೆಗೆ ಹೋಗಬೇಕಿದ್ದ ಒಂದು ಸಿಗಡಿ ನಮ್ಮಲ್ಲಿಗೆ ಬರಲಿಲ್ಲ, ಅಷ್ಟೇ ಸಾಕು.

ದಿನದ ಕ್ರಮ ಹೀಗಿತ್ತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಒಲೆ ಹಚ್ಚುವ ಮುಂಚೆ ತೊಟ್ಟಿಯ ಮುಂದೆ ಕೂರುತ್ತಿದ್ದೆ. ಗಾಜಿನ ನಳಿಗೆಯಲ್ಲಿ ಗೆರೆಯ ತನಕ ನೀರು ತೆಗೆದು ಒಂದೊಂದು ಸೀಸೆಯಿಂದ ತೊಟ್ಟು ಬಿಟ್ಟು ಅಲ್ಲಾಡಿಸಿ ಕಾಯಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ತಿಳಿನೀಲಿ, ಇದ್ದರೆ ನೇರಳೆ. ಬಿಳಿ ಹಾಳೆಯ ಮುಂದೆ ಹಿಡಿದು, ಕಿಟಕಿಯ ಬೆಳಕಿನಲ್ಲಿ ನೋಡಬೇಕು; ದೀಪದ ಬೆಳಕು ಮೋಸ ಮಾಡುತ್ತದೆ.

ಬಹಳ ದಿನ ಹಸಿರೇ ಬಂತು. ಪೂಜೆಯ ಹಾಗೆಯೇ ಇದೂ. ಇವತ್ತು ಫಲ ಕಾಣಲಿಲ್ಲವೆಂದು ನಾಳೆ ಬಿಡುವುದಿಲ್ಲವಲ್ಲ. ಒಂದು ಬೆಳಿಗ್ಗೆ ಹಸಿರು ಸ್ವಲ್ಪ ತೆಳುವಾಗಿತ್ತು. ಎರಡನೆಯ ನಳಿಗೆಯಲ್ಲಿ, ಅದುವರೆಗೂ ತಿಳಿನೀಲಿಯಾಗಿದ್ದ ನೀರು, ನೇರಳೆ ಹಣ್ಣು ಅದ್ದಿ ತೆಗೆದಂತಾಗಿತ್ತು. ಮೊದಲ ಬಗೆಯ ಜೀವಾಣು ಬಂದು ಕುಳಿತಿದೆ ಎಂದು ಅರ್ಥ. ಯಾರಿಗಾದರೂ ಹೇಳಬೇಕೆನಿಸಿ ಅತ್ತೆಗೆ ತೋರಿಸಿದೆ. "ಚೆನ್ನಾಗೈತೆ, ಸೀರೆಗೆ ಬಾರ್ಡರ್ ಮಾಡ್ಬೋದು" ಎಂದರು.

ಅದರ ಬೆನ್ನಿಗೇ ಬಿಳಿ ಕಲ್ಲಿನ ಮೇಲೆ, ಮರಳಿನ ಮೇಲೆ ಕಂದು ಬಣ್ಣದ ಪುಡಿಯಂಥದ್ದು ಹಬ್ಬಿತು. ಸ್ಪಂಜು ಕಾಫಿ ಸೋಸಿದ ಬಟ್ಟೆಯಂತಾಯಿತು. ನಾದಿನಿಗೆ ಹೇಳಿದರೆ ಅವಳು ಖುಷಿಪಟ್ಟಳು. "ಅದು ಒಳ್ಳೇ ಗುರುತು ಅತ್ಗೆ. ತಾನಾಗೇ ಬರುತ್ತೆ, ತಾನಾಗೇ ಹೋಗುತ್ತೆ. ಕೈ ಹಾಕ್ಬೇಡಿ." ನಾನು ಕೈ ಹಾಕಲಿಲ್ಲ. ಗಲೀಜನ್ನು ನೋಡಿಯೂ ಕೈಕಟ್ಟಿ ಕೂರುವುದು ನನ್ನಂಥವಳಿಗೆ ಸುಲಭವಲ್ಲ, ಅದನ್ನೂ ಕಲಿತೆ.

ದಸರೆ ಬಂತು. ನೇರಳೆ ತೆಳುವಾಗುತ್ತಾ ಬಂದಿತ್ತು, ಇನ್ನೊಂದು ವಾರ ಹೋದರೆ ತೊಟ್ಟಿ ಸಿದ್ಧ ಎನ್ನುವ ಲೆಕ್ಕದಲ್ಲಿದ್ದೆ. ಆಯುಧಪೂಜೆಯ ಬೆಳಿಗ್ಗೆ ಹೂವು, ಬೂದುಗುಂಬಳ, ನಿಂಬೆಹಣ್ಣು ತರಲು ಸಂತೆಗೆ ಹೋದೆ. ನಮ್ಮ ಮನೆಯವರು ಅಂಗಳದಲ್ಲಿ ಜೀಪು, ತೋಟದ ನೀರಿನ ಪಂಪು, ಔಷಧಿ ಹೊಡೆಯುವ ಯಂತ್ರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ಎಲ್ಲವನ್ನೂ ತೊಳೆಯುತ್ತಿದ್ದರು. ಕತ್ತಿ, ಗುದ್ದಲಿ, ನನ್ನ ಮಿಕ್ಸಿ, ಗ್ರೈಂಡರೂ ಸಾಲಿನಲ್ಲಿದ್ದವು.

ವಾಪಸು ಬಂದು ಹಾಲ್‌ಗೆ ಕಾಲಿಟ್ಟರೆ ತೊಟ್ಟಿ ಹೊಳೆಯುತ್ತಿತ್ತು. ಕಲ್ಲುಗಳು ಬಂದ ದಿನದ ಹಾಗೆ ಬೆಳ್ಳಗಿದ್ದವು. ಫಿಲ್ಟರಿನ ಮುಚ್ಚಳದ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಒಂದು ಚೆಂಡುಹೂವು. ಪಕ್ಕದಲ್ಲಿ ಅತ್ತೆಯೂ ಮಗನೂ ನಿಂತಿದ್ದರು, ಇಬ್ಬರ ತೋಳೂ ಒದ್ದೆ.

"ನಿಂಗೆ ಗೊತ್ತಾಗ್ಬಾರ್ದು ಅಂತ ಬೇಗ್ಬೇಗ ಮಾಡ್ದೆ" ಎಂದರು ನಮ್ಮ ಮನೆಯವರು. "ಹಬ್ಬದ ದಿನ ಅದೊಂದೇ ಗಲೀಜಾಗಿ ಕೂತಿತ್ತು. ನೀರು ಚೆಲ್ಲಿಲ್ಲ, ಉಪ್ಪು ನೀರು ಹಾಗೇ ಇಟ್ಟೆ. ಕಲ್ಲು, ಸ್ಪಂಜು, ಆ ಪಿಂಗಾಣಿ ಚೂರು ಅಷ್ಟೂ ತೆಗ್ದು ಬಾವಿ ಕಟ್ಟೇಲಿ ಬ್ರಷ್ ಹಾಕಿ ಉಜ್ಜಿದೀನಿ. ಮರಳಿನ ಮೇಲಿಂದೂ ಕೆರ್ದು ತೆಗ್ದೆ."

"ಇದೂ ಯಂತ್ರಾನೇ ಅಲ್ವಾ" ಎಂದರು ಅತ್ತೆ. "ಎಲ್ಲಾದಕ್ಕೂ ಪೂಜೆ ಆಗಿ ಇದಕ್ಕಾಗ್ಲಿಲ್ಲ ಅಂದ್ರೆ ಹೆಂಗೆ?"

ಬುಟ್ಟಿ ಕೆಳಗಿಟ್ಟೆ. ಬಾವಿ ನೀರಿಗೆ ಬ್ಲೀಚಿಂಗ್ ಪುಡಿ ಬಿದ್ದು ಎರಡು ದಿನವೂ ಆಗಿರಲಿಲ್ಲ. ಉಪ್ಪಿನಲ್ಲೇ ಹುಟ್ಟಿ ಉಪ್ಪಿನಲ್ಲೇ ಬೆಳೆದ ಜೀವಾಣುವಿಗೆ ಬರೀ ಸಿಹಿನೀರೇ ಸಾಕಿತ್ತು. ಆದರೆ ಮದುವೆಯಾದಾಗಿನಿಂದ ನಮ್ಮ ಮನೆಯವರು ನನ್ನ ಕೆಲಸವೊಂದನ್ನು ನಾನು ಹೇಳದೆ, ನನಗೋಸ್ಕರ, ಗುಟ್ಟಾಗಿ ಮಾಡಿದ್ದು ಅದೇ ಮೊದಲು. ಆ ಮುಖ ನೋಡಿಕೊಂಡು ಬಯ್ಯುವ ಬಾಯಿ ನನಗೆ ದೇವರು ಕೊಟ್ಟಿರಲಿಲ್ಲ. "ಚೆನ್ನಾಗಿದೆ" ಎಂದೆ. ಬೂದುಗುಂಬಳ ಒಡೆದು, ಮಂಗಳಾರತಿ ಮುಗಿದು, ಊಟವಾದ ಮೇಲೆ ನಿಧಾನವಾಗಿ ಹೇಳಿದೆ. ಅವರು ಎದ್ದು ಹೋಗಿ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು.

"ದೇವರಿಗೆ ಮಾಡಿದ್ದು ಕೆಟ್ಟದ್ದಾಗುತ್ತಾ?" ಎಂದು ಅತ್ತೆ ಕೇಳಿದರು. ಅವರಿಗೆ ನಿಜಕ್ಕೂ ನೋವಾಗಿತ್ತು. ಪೂಜೆ ತಪ್ಪಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ಆ ದಿನ ಪೂಜೆ ಸಲ್ಲಬೇಕಾಗಿದ್ದ ಆಯುಧ ಆ ಕೊಳೆಯ ಒಳಗಿತ್ತು, ನಾವು ಅದನ್ನೇ ತೊಳೆದು ಚೆಲ್ಲಿ, ಖಾಲಿ ಡಬ್ಬಿಗೆ ಕುಂಕುಮ ಇಟ್ಟೆವು.

ಮಾರನೆಯ ದಿನ ಖಾತ್ರಿಗೆಂದು ಒಂದು ಚಿಟಿಕೆ ನವಸಾಗರ ಕರಗಿಸಿ ಹಾಕಿದೆ. ಹಬ್ಬದ ಹಿಂದಿನ ವಾರ ಒಂದೇ ದಿನದಲ್ಲಿ ಮಾಯವಾಗುತ್ತಿದ್ದ ಹಸಿರು ಎರಡು ದಿನ ಕಳೆದರೂ ಅಲ್ಲಾಡಲಿಲ್ಲ. ನಾದಿನಿಗೆ ಫೋನು ಮಾಡಿದೆ. ಅವಳು ಆಗ ಅಂಗಡಿಯಲ್ಲೇ ಇದ್ದಳು. ಆದದ್ದನ್ನು ಕೇಳಿ ಫೋನನ್ನು ಅಂಗಡಿಯವರ ಕೈಗೆ ಕೊಟ್ಟಳು.

"ಎಂತ ಅಮ್ಮಾ, ಪೂಜೆಗೆ ಫಿಲ್ಟರ್ ತೊಳೆದದ್ದಾ?" ಅವರಿಗೆ ನಗು ತಡೆಯಲಾಗಲಿಲ್ಲ. "ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ನನ್ನ ತೊಟ್ಟಿದು ಒಂದು ಹಳೇ ಸ್ಪಂಜು ಕೊಡ್ತೇನೆ, ಅದ್ರಲ್ಲಿ ಎಲ್ಲ ಉಂಟು. ನಿಮ್ಮ ಫಿಲ್ಟರಿಗೆ ಅದು ಹಾಕಿ, ಅದೇ ದಿವ್ಸ ಮೀನೂ ಬಿಡಿ. ಎಲ್ಲರೂ ಹಾಗೇ ಮಾಡುವುದು."

ಸ್ಪಂಜು ಒಣಗದೆ, ಕಡಲ ನೀರಿನಲ್ಲೇ ಮುಳುಗಿಕೊಂಡು ಬರಬೇಕು, ಬಸ್ಸಿನಲ್ಲಿ ಕಳಿಸುವಂಥದ್ದಲ್ಲ. ಮೀನಿನ ಜೊತೆಗೇ ತರುತ್ತೇನೆ ಎಂದಳು ನಾದಿನಿ. ಅಲ್ಲಿಯ ತನಕ ನಾನು ಮೊದಲಿನಿಂದ ಶುರುಮಾಡಿದೆ. ಮತ್ತೆ ನಳಿಗೆ, ಮತ್ತೆ ಬಿಳಿ ಹಾಳೆ, ಮತ್ತೆ ಹಸಿರು. ನಮ್ಮ ಮನೆಯವರು ಈಗ ಬೆಳಿಗ್ಗೆ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಬಣ್ಣ ನೋಡಿಕೊಂಡು ತೋಟಕ್ಕೆ ಹೋಗುತ್ತಿದ್ದರು.

ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ನಾದಿನಿ ಬಂದಳು. ಮಡಿಲಲ್ಲಿ ಕೂಸಿಟ್ಟುಕೊಂಡ ಹಾಗೆ ಥರ್ಮೋಕೋಲಿನ ಡಬ್ಬಿ. ಒಳಗೆ ಎರಡು ಚೀಲಗಳಲ್ಲಿ ಎರಡು ಮೀನು, ಮೂರನೆಯ ಚೀಲದಲ್ಲಿ ಕರಿ ಹಿಡಿದ ಸ್ಪಂಜು. ಅದೇ ಸಂಜೆ ಹೋಳಿಗೆ ಊಟ ಮುಗಿಸಿ ಮೈಸೂರಿಗೆ ಹೋಗಿ ಅವಳು ರೈಲು ಹತ್ತಬೇಕು. ಹೊಸ ಊರಿನಲ್ಲಿ ಕೆಲಸಕ್ಕೆ ಸೇರುವ ದಿನ ನಿಗದಿಯಾಗಿತ್ತು.

ಮೊದಲು ಸ್ಪಂಜನ್ನು ಫಿಲ್ಟರಿಗೆ ಸೇರಿಸಿದೆವು. ಅವಳು ಚೀಲಗಳನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಡಲು ಎತ್ತಿಕೊಂಡಳು. ನಾನು ತಡಿ ಎಂದು ನಳಿಗೆ ತೆಗೆದೆ. ಅವಳಿಗೂ ಕಾಣಲೆಂದು ಕಿಟಕಿಯ ಹತ್ತಿರ ಹಿಡಿದೆ.

"ಹಸಿರು."

"ತೆಳು ಹಸಿರು ಅತ್ಗೆ."

"ತೆಳುವಾದ್ರೂ ಹಸಿರು ಹಸಿರೇ ಕಣೇ."

"ಸ್ಪಂಜು ಹಾಕಿದೀವಲ್ಲ. ನಾಳೆ ಬೆಳಿಗ್ಗೆಗೆ ಇಳಿಯುತ್ತೆ. ಅಂಗಡಿಯವ್ರು ಹೇಳಿದ್ನ ನೀವೂ ಕೇಳ್ಸ್ಕೊಂಡ್ರಿ."

"ಇಳಿದ ಮೇಲೆ ಬಿಡಾಣ."

"ನಾಳೆ ನಾನಿರಲ್ಲ!" ಅವಳ ದನಿ ಏರಿತು. "ಅವೆರಡೂ ಈ ತೊಟ್ಟೀಲಿ ಒಂದ್ಸಲ ಈಜೋದು ನೋಡ್ಕೊಂಡು ಹೋಗ್ತೀನಿ ಅಂತ ಘಾಟಿ ಉದ್ದಕ್ಕೂ ಅಂದ್ಕೊಂಡು ಬಂದೆ. ಮುಂದೆ ಯಾವಾಗ ರಜಾ ಸಿಗುತ್ತೋ. ನನ್ನ ಮೀನು ಅತ್ಗೆ ಅವು."

"ನಿನ್ನವೇ. ಅದಕ್ಕೇ ಹೇಳ್ತಿರೋದು."

ನಮ್ಮ ಮನೆಯವರು ತಂಗಿಯ ಮುಖ ನೋಡಲಾರದೆ, "ಒಂದಿನಕ್ಕೆ ಏನಾಗುತ್ತೆ, ಬಿಡೇ" ಎಂದರು. ನನಗೂ ಹಾಗೇ ಅನಿಸಿತು. ಏನೂ ಆಗದೆಯೂ ಇರಬಹುದಿತ್ತು. ಆದರೆ ಬೆಳಿಗ್ಗೆ ಹಸಿರು ಇಳಿಯದಿದ್ದರೆ ಮತ್ತೆ ಅವನ್ನು ಹಿಡಿದು ಎಲ್ಲಿಗೆ ಹಾಕುವುದು? ಅಂಗಡಿ ಮುಚ್ಚಿ ಆಗಿತ್ತು. ಅವಳು ರೈಲಿನಲ್ಲಿರುತ್ತಾಳೆ. ಕಿವಿರು ಸುಟ್ಟು ಮೇಲೆ ಬಂದು ಬಾಯಿ ಬಿಡುವ ಎರಡು ಮೀನು ನನ್ನ ಮುಂದಿರುತ್ತವೆ. ಶಿವನೇ ಎಂದು ಒಂದು ಗಳಿಗೆ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಎದುರಿಗೆ ಕಂಡದ್ದು ಮೂಲೆಯ ನೀಲಿ ಡ್ರಮ್ಮು. ನೀರು ಬದಲಿಸಲೆಂದು ನಿನ್ನೆಯಷ್ಟೇ ಕಲಸಿಟ್ಟ ಹೊಸ ಉಪ್ಪು ನೀರು ಅದರಲ್ಲಿತ್ತು. ಅದಕ್ಕೆ ಒಂದು ಚಿಟಿಕೆ ನವಸಾಗರವೂ ಬಿದ್ದಿರಲಿಲ್ಲ.

ಆ ನೀರನ್ನೂ ನಳಿಗೆಯಲ್ಲಿ ನೋಡಿದೆ. ಅಪ್ಪಟ ಹಳದಿ.

"ತೊಟ್ಟಿಗೆ ಬೇಡ. ಡ್ರಮ್ಮಿಗೆ ಬಿಡಾಣ" ಎಂದೆ. "ಇದ್ರಲ್ಲಿ ಈಗ ವಿಷ ಇಲ್ಲ. ಅವು ಏನು ಮಾಡ್ಕೊಳ್ತಾವೋ ಅದಷ್ಟೇ. ಅದು ಏರೋಕೆ ಮುಂಚೆ ನಾನು ಅರ್ಧ ನೀರು ತೆಗ್ದು ಹೊಸ ನೀರು ಹಾಕ್ತೀನಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ತೊಟ್ಟಿ ಹಣ್ಣಾಗೋ ತನಕ."

"ದಿನಾನಾ?"

"ಮಕ್ಕಳಿಗೆ ಒದ್ದೆ ಬಟ್ಟೆ ದಿನಾ ಬದಲಾಯಿಸಲ್ವಾ?"

ಅವಳು ಒಪ್ಪಲಿಲ್ಲ. ಚೀಲ ಹಿಡಿದುಕೊಂಡೇ ನಿಂತಿದ್ದಳು. ಆಗ ಅತ್ತೆ ಬಾಯಿ ಹಾಕಿದರು. ಮಗಳ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ.

"ಹೆತ್ತೋಳ ಆಸೆ ಬೇರೆ, ಬಾಣಂತನ ಮಾಡೋಳ ಕಟ್ಟುನಿಟ್ಟು ಬೇರೆ ಕಣವ್ವ. ನಾಳೆಯಿಂದ ನೀರು ಹೊರೋಳು ಅವಳು. ಅವಳ ಮಾತು ನಡೀಲಿ, ಕೊಡು."

ಅವಳು ಚೀಲಗಳನ್ನು ಡ್ರಮ್ಮಿನಲ್ಲಿ ತೇಲಿಬಿಟ್ಟು, ಒಳಗಿನ ಹೊರಗಿನ ನೀರಿನ ಬಿಸಿ ಒಂದೇ ಆದ ಮೇಲೆ ಲೋಟದಿಂದ ಸ್ವಲ್ಪ ಸ್ವಲ್ಪವೇ ಡ್ರಮ್ಮಿನ ನೀರು ಸೇರಿಸಿ, ಕೊನೆಗೆ ಜಾಲರಿಯಲ್ಲಿ ಮೀನು ಮಾತ್ರ ಎತ್ತಿ ಬಿಟ್ಟಳು. ಅವಳ ಹಳೆಯ ಹೀಟರು, ಗಾಳಿ ಬಿಡುವ ಸಣ್ಣ ಮೋಟಾರು ಇಳಿಬಿಟ್ಟೆವು. ಅಡಗಿಕೊಳ್ಳಲು ಒಂದು ತುಂಡು ಪ್ಲಾಸ್ಟಿಕ್ ಪೈಪು. ಎಗರದಂತೆ ಮೇಲೆ ಸೊಳ್ಳೆ ಪರದೆಯ ಚೂರು. ಹೊರಡುವಾಗ ಅವಳು ಪರದೆ ಸರಿಸಿ ಬಗ್ಗಿ ನೋಡಿದಳು. ಮೇಲಿನಿಂದ ಏನು ಕಾಣುತ್ತದೆ? ನೀಲಿ ಕತ್ತಲೆಯಲ್ಲಿ ಎರಡು ಕಿತ್ತಳೆ ಬೆನ್ನು. ಅತ್ತೆಯ ಕಾಲಿಗೆ, ನನ್ನ ಕಾಲಿಗೆ ನಮಸ್ಕರಿಸಿ, "ಬರ್ತೀನಿ" ಎಂದಷ್ಟೇ ಹೇಳಿ ಜೀಪು ಹತ್ತಿದಳು.

ಆಮೇಲಿನ ದಿನಗಳಲ್ಲಿ ನನಗೆ ನೀರಿನದೇ ಕೆಲಸ. ನಮ್ಮ ಮನೆಯವರು ಕ್ಯಾನು ತಂದಿಡುತ್ತಿದ್ದರು. ತರಲು ನಾನು ಒಂದು ದಿನವೂ ಹೇಳಬೇಕಾಗಲಿಲ್ಲ. ಇನ್ನೊಂದು ಬಕೆಟ್ಟಿನಲ್ಲಿ ಉಪ್ಪು ಕಲಸಿ, ಕೊಳವೆಯಲ್ಲಿ ಗೆರೆ ನೋಡಿ, ಡ್ರಮ್ಮಿನಷ್ಟೇ ಬೆಚ್ಚಗೆ ಮಾಡಿ, ಹಳೆಯದನ್ನು ಸಣ್ಣ ಪೈಪಿನಿಂದ ಎಳೆದು, ಹೊಸದನ್ನು ಅಂಚಿನಿಂದ ನಿಧಾನ ಸುರಿಯಬೇಕು. ಹೆಣ್ಣು ಮೊದಲ ದಿನವೇ ತಿಂದಿತು. ಗಂಡು ಪೈಪಿನಿಂದ ಹೊರಬರದೆ ಹೆದರಿಸಿತು. ಮೂರನೆಯ ದಿನ ನಾದಿನಿ ಕೊಟ್ಟುಹೋದ ಮೀನಿನ ಆಹಾರದ ಒಂದು ಕಾಳು ತಿಂದು ಉಗುಳಿ, ಮತ್ತೆ ತಿಂದಿತು. 'ಒಂದು ಕಾಳು ಹೋಯಿತು' ಎಂದು ದೇವರ ಮುಂದೆ ಹೇಳಿಕೊಂಡೆ. ಆ ಕಾಳಿನಲ್ಲಿ ಮೀನು ಸಿಗಡಿಯ ಪುಡಿ ಇರುತ್ತದೆ ಎಂದು ಅತ್ತೆಗೆ ಹೇಳಿದಾಗ, "ಬೆಕ್ಕಿಗೆ ಇಲಿ ಬಿಡು ಅಂತ ಹೇಳ್ತೀವಾ? ಅವುಗಳ ಊಟ ಅವುಗಳದು, ನಿನ್ನ ಕೈ ತೊಳ್ಕೊ" ಎಂದರು.

ಆ ವಾರದಲ್ಲೇ ಗಾಳಿಮಳೆ ಬಂದು ಎಲ್ಲೋ ಮರ ಬಿದ್ದು ಬೆಳಿಗ್ಗೆಯೇ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರು ಕೀ ಕೀ ಎಂದು ನಿಂತಿತು. ಡ್ರಮ್ಮಿನಲ್ಲಿ ಗುಳ್ಳೆ ಏಳುವುದು ನಿಂತ ಸ್ವಲ್ಪ ಹೊತ್ತಿಗೆ ಎರಡೂ ಮೇಲಕ್ಕೆ ಬಂದವು. ನೀರನ್ನು ಎತ್ತಿ ಎತ್ತಿ ಹುಯ್ದರೆ ಗಾಳಿ ಸೇರುತ್ತದೆ ಎಂದು ತಿಳಿದಿತ್ತು. ನಾನು ಬಾಟಲಿಗಳಿಗೆ ಬಿಸಿನೀರು ತುಂಬಿ ಬಿರಡೆ ಬಿಗಿದು ಡ್ರಮ್ಮಿಗೆ ಇಳಿಬಿಡುವಷ್ಟರಲ್ಲಿ ಅತ್ತೆ ಹಿತ್ತಾಳೆ ಚೊಂಬು ಹಿಡಿದು ಸ್ಟೂಲು ಎಳೆದುಕೊಂಡು ಕೂತಿದ್ದರು.

"ಹಿತ್ತಾಳೆ ಬೇಡ ಅತ್ತೆ, ಅದ್ರಲ್ಲಿ ತಾಮ್ರ ಇರುತ್ತೆ, ಉಪ್ಪು ನೀರಿಗೆ ಬಿಟ್ಕೊಳ್ಳುತ್ತೆ." ಪ್ಲಾಸ್ಟಿಕ್ ಮಗ್ಗು ಕೊಟ್ಟೆ.

"ಮಗ್ಗಲ್ಲಿ ಅಭಿಷೇಕ ಮಾಡೋ ಕಾಲ ಬಂತು" ಎಂದು ಗೊಣಗಿದರು. ಆದರೆ ನಿಲ್ಲಿಸಲಿಲ್ಲ. ಒಂದು ಮಗ್ಗು ಎತ್ತಿ ಎತ್ತರದಿಂದ ಸಣ್ಣ ಧಾರೆಯಾಗಿ ಬಿಡುವುದು, ಓಂ ನಮಃ ಶಿವಾಯ. ಇನ್ನೊಂದು ಮಗ್ಗು, ಓಂ ನಮಃ ಶಿವಾಯ. ಅವರ ಕೈ ಸೋತಾಗ ನಾನು, ನನ್ನ ಕೈ ಸೋತಾಗ ನಮ್ಮ ಮನೆಯವರು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಗುಳ್ಳೆ ಎದ್ದವು. ಎರಡೂ ಕೆಳಗಿಳಿದು ಪೈಪಿನ ಹತ್ತಿರ ಹೋದವು. ಅತ್ತೆ ಮಗ್ಗು ಕೆಳಗಿಟ್ಟು ಭುಜ ಒತ್ತಿಕೊಂಡು, "ಇಷ್ಟು ಅಭಿಷೇಕ ನಿಜವಾದ ಲಿಂಗಕ್ಕೂ ಮಾಡಿರ್ಲಿಲ್ಲ" ಎಂದು ನಕ್ಕರು.

ತೊಟ್ಟಿಯ ಕಡೆಯೂ ಮರೆತಿರಲಿಲ್ಲ. ಅಂಗಡಿಯ ಸ್ಪಂಜು ತನ್ನ ಕೆಲಸ ಮಾಡುತ್ತಿತ್ತು, ಆದರೆ ಅವರು ಹೇಳಿದ ವೇಗದಲ್ಲಿ ಅಲ್ಲ. ನಾದಿನಿ ಹೊರಟ ಮರುದಿನವೂ ಹಸಿರೇ ಇತ್ತು. ಅದರ ಹಿಂದೆ ನೇರಳೆ ಏರಿತು, ಗಾಢವಾಗಿ. ಆ ಬಣ್ಣ ನೋಡಿದ ದಿನ ನಮ್ಮ ಮನೆಯವರು ಡ್ರಮ್ಮಿನ ಕಡೆ ಒಮ್ಮೆ, ತೊಟ್ಟಿಯ ಕಡೆ ಒಮ್ಮೆ ನೋಡಿ, "ಅವತ್ತು ಇದ್ರೊಳಗೆ ಬಿಡು ಅಂದೋನು ನಾನು" ಎಂದರು. ಕಲ್ಲಿನ ಮೇಲೆ ಮತ್ತೆ ಕಂದು ಪುಡಿ ಹಬ್ಬಿತು. ಈ ಸಲ ಮನೆಯಲ್ಲಿ ಯಾರೂ ಅದನ್ನು ಗಲೀಜು ಎನ್ನಲಿಲ್ಲ.

ಒಂದು ಬೆಳಿಗ್ಗೆ ಹಳದಿ. ಕೆಲವು ದಿನಕ್ಕೆ ತಿಳಿನೀಲಿ. ನಂಬದೆ, ಮತ್ತೆ ನವಸಾಗರ ಹಾಕಿ ಮರುದಿನ ನೋಡಿದೆ, ಹಳದಿ, ತಿಳಿನೀಲಿ. ಅದನ್ನೂ ನಂಬದೆ ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ. ಹೊಟ್ಟೆಗೆ ಹಾಕಿದ್ದನ್ನು ಒಂದು ದಿನದಲ್ಲಿ ಪೂರ್ತಿ ಅರಗಿಸಿಕೊಳ್ಳುವ ಶಕ್ತಿ ತೊಟ್ಟಿಗೆ ಬಂದಿತ್ತು. ಕೂಡಿಕೊಂಡಿದ್ದ ನೈಟ್ರೇಟ್ ಇಳಿಯಲೆಂದು ಅರ್ಧ ನೀರು ಬದಲಿಸಿದೆ. ಅದು ಸೋಮವಾರವಾಗಿತ್ತು, ನಾನು ಆರಿಸಿದ್ದಲ್ಲ.

ಲೋಟದ ನೀರಿನ ಶಾಸ್ತ್ರ ಮುಗಿಸಿ ಇಬ್ಬರನ್ನೂ ಬಿಟ್ಟೆ. ಚಿಕ್ಕದು ಬಾಣದ ಹಾಗೆ ಕಲ್ಲಿನ ಹಿಂದೆ ಹೋಯಿತು. ದೊಡ್ಡದು ನಡುವೆ ನಿಂತು ಗಾಜಿನ ಆಚೆ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಪಕ್ಕದಿಂದ ಅವನ್ನು ಕಂಡದ್ದು ನಮಗೂ ಅದೇ ಮೊದಲು. ಮೂರೆಳೆ ಎದ್ದು ಕಾಣುತ್ತಿತ್ತು. ಅತ್ತೆ ಕೈ ಮುಗಿದರು; ಮೀನಿಗೋ, ದೇವರಿಗೋ ನಾನು ಕೇಳಲಿಲ್ಲ.

ನಮ್ಮ ಮನೆಯೊಳಗೆ ವಿಡಿಯೋ ಕಾಣಿಸುವಷ್ಟು ಸಿಗ್ನಲ್ ಬರುವುದಿಲ್ಲ. ಮಾತು ಮಾತ್ರ, ಅದೂ ಕಿಟಕಿಯ ಹತ್ತಿರ. ಮರುದಿನ ಬೆಳಿಗ್ಗೆ ಎರಡು ನಳಿಗೆಯೂ ಚೆನ್ನಾಗಿ ಬಂದ ಮೇಲೆ ನಾದಿನಿಗೆ ಫೋನು ಮಾಡಿದೆ. ಹೊಸ ಕಚೇರಿಯಲ್ಲಿದ್ದಳು; ಸುತ್ತ ಹಿಂದಿ ಮಾತು ಕೇಳಿಸುತ್ತಿತ್ತು.

"ತೊಟ್ಟಿಗೆ ಬಿಟ್ಟೆ ಕಣೇ."

"ಇಬ್ರೂನಾ?"

"ಇಬ್ರೂನೂ. ಚೆನ್ನಾಗವೆ."

ಅವಳು ಎದ್ದು ಎಲ್ಲಿಗೋ ನಡೆದು ಹೋದದ್ದು ಗೊತ್ತಾಯಿತು, ಹಿಂದಿ ದೂರವಾಯಿತು.

"ಅತ್ಗೆ, ಅವತ್ತು ನಂಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು."

"ಗೊತ್ತು. ಎರಡ್ನೇ ಹೋಳಿಗೆ ಬೇಡ ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು."

ನಕ್ಕಳು. ಮೂಗು ಒರೆಸಿಕೊಂಡ ಸದ್ದು ಬಂತು. "ಈಗ ಏನ್ ಮಾಡ್ತವೆ ಹೇಳಿ."

ನಾನು ಬಗ್ಗಿ ನೋಡಿದೆ. "ದೊಡ್ಡದು ಒಂದು ಕಲ್ಲಿನ ಬುಡದಲ್ಲಿ ಬಾಲ ಬೀಸಿ ಬೀಸಿ ಮರಳು ಗುಡಿಸ್ತಾ ಐತೆ. ಆಗ್ಲಿಂದ ಅದೇ ಕೆಲ್ಸ. ಚಿಕ್ಕದು ಹಿಂದೆ ಹಿಂದೆ ಹೋಗುತ್ತೆ, ಏನೂ ಮಾಡಲ್ಲ."

"ಗುಡಿಸ್ತಿದೆಯಾ?" ಎಂದಳು. ದನಿ ತೀರಾ ಸಣ್ಣದಾಗಿತ್ತು. "ಹಾಗಾದ್ರೆ ಅದು ಮನೆ ಅಂತ ಒಪ್ಕೊಂಡಿದೆ ಅತ್ಗೆ. ಹಳೇ ತೊಟ್ಟೀಲೂ ಹಾಗೇ ಮಾಡ್ತಿತ್ತು. ಅಂಗಡೀಲಿ ಅಷ್ಟು ತಿಂಗಳು ಇತ್ತಲ್ಲ, ಅಲ್ಲಿ ಒಂದಿನಾನೂ ಗುಡಿಸ್ಲಿಲ್ಲ."

ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ಅವಳಿಗೂ ಅಲ್ಲಿ ಯಾರೋ ಕರೆಯುತ್ತಿದ್ದರು. ಆದರೂ ಅದು ಇನ್ನೂ ಗುಡಿಸುತ್ತಿದೆಯೇ ಎಂದು ಅವಳು ಕೇಳುತ್ತಿದ್ದಳು, ಹೂಂ ಎಂದು ನಾನು ಹೇಳುತ್ತಿದ್ದೆ.